ಮೊದಲು ಅಜ್ಜಿಯ ಭಯ, ಆಮೇಲೆ ಮೊಮ್ಮಗನ ಹಲ್ಲು

ಹುಬ್ಬಳ್ಳಿಯಲ್ಲಿ ನಾನು ಮಕ್ಕಳ ದಂತವೈದ್ಯೆ. ನನ್ನಲ್ಲಿಗೆ ಬರುವ ಮಗು ನನ್ನನ್ನು ಕಾಣುವ ಮೊದಲೇ ನನ್ನ ಬಗ್ಗೆ ಬೇಕಾದಷ್ಟು ಕೇಳಿರುತ್ತದೆ. ಊಟ ಬೇಡವೆಂದಾಗಲೆಲ್ಲ "ಡಾಕ್ಟರು ಸೂಜಿ ಚುಚ್ಚುತ್ತಾರೆ" ಎಂದು ಹೆದರಿಸಿ, ಹಲ್ಲು ನೋಯತೊಡಗಿದ ದಿನ "ಅವರು ಏನೂ ಮಾಡುವುದಿಲ್ಲ, ನಡಿ" ಎಂದು ಕರೆತಂದರೆ ಯಾವ ಮಗು ನಂಬೀತು?

ಹಾಗಾಗಿ ಮೊದಲ ಭೇಟಿಯಲ್ಲಿ ನಾನು ಗಮನಿಸುವುದು ಕರೆತಂದವರನ್ನು. ಮಗುವನ್ನು ಸಹಾಯಕಿಯ ಜೊತೆ ಆಟಕ್ಕೆ ಬಿಟ್ಟು, "ಅಜ್ಜಿ, ನಿಮ್ಮ ಹಲ್ಲು ಕೀಳಿಸಿದಾಗ ಬಹಳ ನೋವಾಗಿತ್ತೇ?" ಎಂದು ಕೇಳುತ್ತೇನೆ. ಅಣ್ಣಿಗೇರಿ ಕಡೆಯ ಹಿರಿಯರೊಬ್ಬರು ತಮ್ಮ ದವಡೆಹಲ್ಲಿನ ಕಥೆಯನ್ನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಹೇಳಿದರು. ಆ ಭಯ ನನ್ನೆದುರು ಖರ್ಚಾಗಲಿ; ಒಳಗೆ ಕುರ್ಚಿಯ ಪಕ್ಕದಲ್ಲಿ ಬೇಡ. ಒಳಗೆ ಬಂದ ಮೇಲೆ ಅವರಿಗೆ ಒಂದೇ ಕೆಲಸ: ಮಗುವಿನ ಕಾಲಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರುವುದು. "ಹೆದರಬೇಡ, ಹೆದರಬೇಡ" ಎಂಬ ಜಪ ಪೂರ್ತಿ ನಿಷಿದ್ಧ.

ಮಗುವಿನ ಜೊತೆ ನಾನು ನಡೆಯುವುದು ಹಳೆಯ ದಾರಿಯಲ್ಲಿ. ಹೇಳು, ತೋರಿಸು, ಮಾಡು ಎಂಬ ಈ ಕ್ರಮವನ್ನು ದಂತವೈದ್ಯ ಅಡೆಲ್‌ಸ್ಟನ್ 1959ರಲ್ಲೇ ವಿವರಿಸಿದ್ದರು. ತಿರುಗುವ ಬ್ರಷ್ ಮೊದಲು ತಾಯಿಯ ಉಗುರಿನ ಮೇಲೆ, ಆಮೇಲೆ ಮಗುವಿನ ಉಗುರಿನ ಮೇಲೆ, ಕೊನೆಗೆ ಹಲ್ಲಿನ ಮೇಲೆ. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಡುತ್ತೇನೆ. ಮಕ್ಕಳು ಅದನ್ನು ಸುಮ್ಮನೆ ಪರೀಕ್ಷಿಸಲೆಂದೇ ಕೈ ಎತ್ತುತ್ತಾರೆ. ಆಗಲೂ ನಿಲ್ಲಿಸಲೇಬೇಕು. ಮೂರು ವರ್ಷದೊಳಗಿನವರಿಗೆ ಈ ವಿವರಣೆಯೆಲ್ಲ ನಾಟುವುದಿಲ್ಲ. ತಾಯಿ ಮತ್ತು ನಾನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಮಗುವಿನ ತಲೆಯನ್ನು ನನ್ನ ಮಡಿಲಿಗೆ ಒರಗಿಸಿಕೊಂಡು ನೋಡುತ್ತೇವೆ. ಅತ್ತರೆ ಅಳಲಿ, ಬಾಯಿಯಾದರೂ ಚೆನ್ನಾಗಿ ತೆರೆದಿರುತ್ತದೆ.

"ಹೇಗೂ ಬೀಳುವ ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ?" ಎನ್ನುವವರಿದ್ದಾರೆ. ಹಿಂಭಾಗದ ಹಾಲು ದವಡೆಹಲ್ಲುಗಳು ಬೀಳುವುದು ಸುಮಾರು ಹತ್ತರಿಂದ ಹನ್ನೆರಡನೆಯ ವಯಸ್ಸಿನಲ್ಲಿ. ನಾಲ್ಕರ ಮಗು ಅಲ್ಲಿಯವರೆಗೆ ಆ ಹುಳುಕಿನಲ್ಲೇ ಅಗಿಯಬೇಕೇ? ಹುಳುಕು ನರದವರೆಗೆ ಹೋಗಿರದಿದ್ದರೆ, ತೀರಾ ಹೆದರಿದ ಮಗುವಿಗೆ ಶೇಕಡಾ 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಔಷಧವನ್ನು ಹುಳುಕಿಗೆ ಹಚ್ಚುತ್ತೇನೆ. ಸೂಜಿಯಿಲ್ಲ, ಕೊರೆಯುವುದಿಲ್ಲ, ಹುಳುಕಿನ ಬೆಳವಣಿಗೆ ಬಹುಪಾಲು ನಿಲ್ಲುತ್ತದೆ. ಆದರೆ ಆ ಭಾಗ ಕಾಯಂ ಕಪ್ಪಾಗುತ್ತದೆ. ಇದನ್ನು ಫೋಟೊ ತೋರಿಸಿ ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತೇನೆ. ಎದ್ದು ಕಾಣುವ ಮುಂಭಾಗದ ಹಲ್ಲಾದರೆ ತಂದೆ-ತಾಯಿ ಮನೆಗೆ ಹೋಗಿ ಯೋಚಿಸಿ ಬರಲಿ.

ಇನ್ನು ಲಂಚದ ವಿಷಯ. ಅಳದಿದ್ದರೆ ಪೇಡೆ ಕೊಡಿಸುತ್ತೇನೆ ಎಂದು ನನ್ನ ಎದುರೇ ಆಸೆ ಹಚ್ಚುವ ಅಪ್ಪಂದಿರಿಗೆ, ದಯವಿಟ್ಟು ಒಂದು ಚೆಂಡು ಕೊಡಿಸಿ ಎನ್ನುತ್ತೇನೆ.