ಮರೆವಿನ ಹಿರಿಯರ ಮೈ ಕಾಯಿಲೆ ಪತ್ತೆ ಹಚ್ಚುವುದು ಹೇಗೆ?

ಮೊನ್ನೆವರೆಗೂ ತಾವೇ ರೊಟ್ಟಿ ಮುರಿದು ಉಣ್ಣುತ್ತಿದ್ದ ಅಜ್ಜಿ ಇವತ್ತು ತಾಟು ದೂಡುತ್ತಾರೆ, ರಾತ್ರಿಯಿಡೀ ಕೂಗಾಡುತ್ತಾರೆ. 'ಅರಳು ಮರಳು ಜಾಸ್ತಿ ಆಗೇತ್ರಿ' ಎಂದು ಮನೆಯವರು ಕೈಚೆಲ್ಲುತ್ತಾರೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ನಾನು ಕಂಡ ತಪ್ಪು ಇದು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಒಂದೆರಡು ದಿನದಲ್ಲೇ ಮನುಷ್ಯ ಬದಲಾದರೆ ಮೊದಲು ಮೈಯಲ್ಲಿ ಕಾಯಿಲೆ ಹುಡುಕಬೇಕು.

1. ಯಾವಾಗಿನಿಂದ ಹೀಗೆ, ಬಿದ್ದಿದ್ದರೇ, ಹೊಸ ಗುಳಿಗೆ ಶುರುವಾಗಿದೆಯೇ ಎಂದು ಬರೆದಿಡಿ.

2. ಮೈ ನೋಡಿ. ಎಲ್ಲರೂ ಎಡವುವುದು ಇಲ್ಲೇ. 'ನೋವು ಐತೇನು?' ಎಂದರೆ 'ಇಲ್ಲ' ಎಂಬ ಉತ್ತರ ಬರುತ್ತದೆ, ಅದನ್ನು ನಂಬಿ ಬಿಡಬೇಡಿ. ಮಗ್ಗುಲು ಹೊರಳಿಸುವಾಗ ಮುಖ ನೋಡಿ: ಹುಬ್ಬು ಗಂಟಿಕ್ಕುತ್ತದೆಯೇ, ನಿಮ್ಮ ಕೈ ತಳ್ಳುತ್ತಾರೆಯೇ? ಹಲ್ಲಿನ ಸೆಟ್ ತೆಗೆಸಿ ಒಸಡು ನೋಡಿ. ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗಿದೆಯೇ ನೋಡಿ. ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ನಡೆಸಲು ಹೋಗದೆ 108ಕ್ಕೆ ಕರೆ ಮಾಡಿ.

ಹೊಟ್ಟೆಯನ್ನು ಮರೆಯಬೇಡಿ. ನಾಲ್ಕೈದು ದಿನ ಮಲ ಕಟ್ಟಿದವರಿಗೆ ಗಟ್ಟಿ ಮಲದ ಪಕ್ಕದಿಂದ ನೀರು ಸೋರಬಹುದು. ಅದನ್ನು ಭೇದಿ ಎಂದುಕೊಂಡು ನಿಲ್ಲಿಸುವ ಗುಳಿಗೆ ಕೊಟ್ಟರೆ ಕಟ್ಟು ಇನ್ನೂ ಬಿಗಿಯಾಗುತ್ತದೆ. ಮೂತ್ರವೂ ಹಾಗೇ. ಹನಿ ಹನಿ ಸೋರುತ್ತಿದ್ದರೂ ಮೂತ್ರಚೀಲ ತುಂಬಿಯೇ ಇರಬಹುದು. ಹೊಕ್ಕಳ ಕೆಳಗೆ ಗಟ್ಟಿಯಾಗಿ ಉಬ್ಬಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಹಗಲಿಡೀ ಡೈಪರ್ ಕಟ್ಟಿಟ್ಟರೆ ಇದ್ಯಾವುದೂ ತಿಳಿಯದು, ನನಗದು ಸೇರುವುದಿಲ್ಲ.

3. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ವೈದ್ಯರಿಗೆ ತೋರಿಸಿ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್ ಕೂಡ ಗೊಂದಲ ಹೆಚ್ಚಿಸಬಲ್ಲದು. ಔಷಧಿ ಅಂಗಡಿಯಿಂದ ನೀವೇ ನಿದ್ದೆ ಗುಳಿಗೆ ತರಬೇಡಿ: ಕೂಗು ನಿಂತೀತು, ಒಳಗಿನ ಸೋಂಕು ನಿಲ್ಲದು. 'ಮೆದುಳಿನ ಟಾನಿಕ್'ಗೆ ಹಾಕುವ ದುಡ್ಡನ್ನು ರಕ್ತ ಪರೀಕ್ಷೆಗೆ ಹಾಕಿ.

4. ಇಂಥ ದಿಢೀರ್ ಬದಲಾವಣೆಗೆ ಮೊದಲು ಹೋಗಬೇಕಾದದ್ದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗಲ್ಲ, ಮೈ ಕಾಯಿಲೆ ನೋಡುವ ಫಿಜಿಷಿಯನ್ ಹತ್ತಿರ. 'ಮರೆವು ಹಳೇದ್ರಿ, ಇದು ನಿನ್ನೆಯಿಂದ' ಎಂದೇ ಮಾತು ಶುರು ಮಾಡಿ. ಸಕ್ಕರೆ, ಸೋಡಿಯಂ, ಆಮ್ಲಜನಕ, ಮೂತ್ರ, ಎದೆ ಎಲ್ಲವನ್ನೂ ನೋಡಲು ಕೇಳಿ. ಜ್ವರ ಇಲ್ಲದಿದ್ದರೂ ವಯಸ್ಸಾದವರಿಗೆ ನ್ಯುಮೋನಿಯಾ ಇರಬಹುದು. ಏದುಸಿರು, ಬಾಯಿ ಸೊಟ್ಟ, ತಲೆಗೆ ಪೆಟ್ಟು, ಎಬ್ಬಿಸಿದರೂ ಏಳದಿರುವುದು ಕಂಡರೆ ಕಾಯದೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ನಡೆಯಿರಿ.

ಕೂಗಾಡುವವರನ್ನಾದರೂ ಜನ ಕರೆತರುತ್ತಾರೆ. ಇದ್ದಕ್ಕಿದ್ದಂತೆ ಮಂಕಾಗಿ, ಊಟ ಬಿಟ್ಟು ಮಲಗಿದವರನ್ನು 'ಆರಾಮ ಅದಾರ' ಎಂದು ಬಿಟ್ಟುಬಿಡುತ್ತಾರೆ. ಅವರನ್ನೂ ಅದೇ ದಿನ ತೋರಿಸಿ.