ಮೇಸ್ತ್ರಿ ಕೈಗೆ ಹೋಗುವ ಹಾಳೆಯಲ್ಲಿ ಅಕ್ಷರ ಎಷ್ಟು ಮಿಲಿಮೀಟರ್ ಇರಬೇಕು?

ಮೈಸೂರಿನ ಬೋಗಾದಿ ಕಡೆ ಒಂದು 40×60 ಸೈಟು. ಪಿಲ್ಲರ್ ರಿಂಗುಗಳನ್ನು 150 ಮಿ.ಮೀ.ಗೆ ಒಂದರಂತೆ ಕಟ್ಟಬೇಕಿತ್ತು, 180ಕ್ಕೆ ಕಟ್ಟಿದ್ದರು. ಕಾಂಕ್ರೀಟ್ ಹಾಕುವ ಹಿಂದಿನ ದಿನ ಇಂಜಿನಿಯರ್ ಟೇಪು ಹಿಡಿದು ನೋಡಿದ್ದರಿಂದ ಬಚಾವಾದೆವು. ಮಂಡ್ಯ ಕಡೆಯ ಹಿರಿಯ ಮೇಸ್ತ್ರಿ ಮಡಚಿದ ಪ್ಲಾನನ್ನು ನನ್ನ ಮುಂದೆ ಬಿಚ್ಚಿದರು. "ನೋಡವ್ವ, ಇರುವೆ ಸಾಲಿದ್ದಂಗೈತೆ. ಇದು ಐದೋ ಎಂಟೋ ನೀನೇ ಹೇಳು." ನಾನೇ ಬರೆದದ್ದು, ನನಗೂ ಓದಲಾಗಲಿಲ್ಲ.

ತಪ್ಪು ನನ್ನದೇ. ಎ1 ಹಾಳೆಗೆಂದು ಮಾಡಿದ್ದನ್ನು ಸೈಟಿನಲ್ಲಿ ಹಿಡಿಯಲು ಸುಲಭವಾಗಲಿ ಎಂದು ಎ3ಗೆ ಕುಗ್ಗಿಸಿ ಪ್ರಿಂಟ್ ಹಾಕಿಸಿದ್ದೆ. ಎ1 ಎಂದರೆ 841×594 ಮಿ.ಮೀ., ಎ3 ಎಂದರೆ 420×297. ಉದ್ದ ಅಗಲ ಎರಡೂ ಅರ್ಧವಾಗುತ್ತವೆ, ಜೊತೆಗೆ ಅಕ್ಷರವೂ ಅರ್ಧ. 2.5 ಮಿ.ಮೀ. ಇದ್ದದ್ದು 1.25ಕ್ಕೆ ಇಳಿದಿತ್ತು. ಅದರ ಮೇಲೆ ಬೆವರು, ಸಿಮೆಂಟಿನ ಧೂಳು, ನಾಲ್ಕು ಮಡಿಕೆ. ಐದು ಎಂಟಾಗದೆ ಇನ್ನೇನಾಗುತ್ತದೆ?

ನಾನು ಪ್ಲಾನು ಬರೆಯುವುದು ಆಟೋಕ್ಯಾಡ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ. ಆವತ್ತಿನಿಂದ ಅಕ್ಷರದ ಎತ್ತರವನ್ನು ಸ್ಕ್ರೀನ್ ನೋಡಿ ಇಡುವುದನ್ನು ಬಿಟ್ಟೆ. ಕಾಗದದ ಮೇಲೆ ಎಷ್ಟು ಮಿ.ಮೀ. ಬರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ. ಮಾಮೂಲಿ ಬರಹಕ್ಕೆ 2.5, ಕೋಣೆಯ ಹೆಸರಿಗೆ 3.5, ಪ್ಲಾನಿನ ಶೀರ್ಷಿಕೆಗೆ 5. ಕಂಬಿ ವಿವರ ಸೈಟಿಗೆ ಹೋಗುವುದಾದರೆ ಅದಕ್ಕೂ 3.5, ಕಡಿಮೆ ಮಾಡುವುದಿಲ್ಲ.

ಲೆಕ್ಕ ದೊಡ್ಡದೇನಲ್ಲ. ಮಿ.ಮೀ.ನಲ್ಲಿ ಬರೆದ ಪ್ಲಾನು 1:100ಕ್ಕೆ ಬೀಳುವುದಾದರೆ 2.5ರ ಅಕ್ಷರ ಮಾಡೆಲ್‌ನಲ್ಲಿ (ಮನೆಯನ್ನು ನಿಜ ಅಳತೆಯಲ್ಲೇ ಬರೆಯುವ ಜಾಗ) 250 ಇರಬೇಕು, 1:50ಕ್ಕೆ 125, 1:20ಕ್ಕೆ 50. ತೊಡಕು ಬರುವುದು ಒಂದೇ ಪ್ಲಾನು ಎರಡು ಮೂರು ಹಾಳೆಯಲ್ಲಿ ಬೇರೆ ಬೇರೆ ಸ್ಕೇಲಿನಲ್ಲಿ ಕೂತಾಗ. 1:50ಕ್ಕೆಂದು ಇಟ್ಟ 125ರ ಅಕ್ಷರ 1:20ರ ವ್ಯೂಪೋರ್ಟಿನಲ್ಲಿ (ಹಾಳೆಯ ಮೇಲೆ ಪ್ಲಾನನ್ನು ಒಂದು ಸ್ಕೇಲಿನಲ್ಲಿ ತೋರಿಸುವ ಚೌಕಟ್ಟು) 6.25 ಮಿ.ಮೀ. ಆಗಿ ಗೋಡೆಯನ್ನೇ ಮುಚ್ಚುತ್ತದೆ, 1:200ರ ಸೈಟ್ ಪ್ಲಾನಿನಲ್ಲಿ 0.6 ಆಗಿ ಚುಕ್ಕಿಯಾಗುತ್ತದೆ. ಇದಕ್ಕೆ ಮೊದಲು ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವ ಉಪಾಯ: ಅದೇ ಬರಹವನ್ನು ಮೂರು ಗಾತ್ರದಲ್ಲಿ ಮೂರು ಲೇಯರಿಗೆ (ಪದರಕ್ಕೆ) ಹಾಕಿ, ಆಯಾ ವ್ಯೂಪೋರ್ಟಿನಲ್ಲಿ ಬೇಡದ ಎರಡನ್ನು ಫ್ರೀಜ್ ಮಾಡುವುದು, ಅಂದರೆ ಕಾಣದಂತೆ ಇಡುವುದು. ಮನೆಯವರು ಬಂದು ಬಾಗಿಲನ್ನು ಮೂರು ಅಡಿಯಿಂದ ಮೂರೂವರೆ ಮಾಡಿ ಎಂದಾಗ ಎರಡು ಕಡೆ ತಿದ್ದಿ ಮೂರನೆಯದನ್ನು ಮರೆತಿದ್ದೇನೆ. ಈ ಉಪಾಯವನ್ನು ಯಾರಿಗೂ ಕಲಿಸಬೇಡಿ.

ಆಟೋಕ್ಯಾಡ್ 2008ರಲ್ಲೇ ಬಂದ ಅನೋಟೇಟಿವ್ ಸೌಲಭ್ಯ ಇರುವುದು ಇದಕ್ಕೇ. ಟೆಕ್ಸ್ಟ್ ಸ್ಟೈಲಿನಲ್ಲಿ ಅನೋಟೇಟಿವ್ ಟಿಕ್ ಮಾಡಿ ಪೇಪರ್ ಹೈಟ್ 2.5 ಎಂದು ಕೊಟ್ಟರೆ ಮುಗಿಯಿತು. ಬರಹ ಒಂದೇ, ಆದರೆ ಯಾವ ಸ್ಕೇಲಿನ ವ್ಯೂಪೋರ್ಟ್ ನೋಡುತ್ತದೋ ಅದಕ್ಕೆ ತಕ್ಕ ಎತ್ತರ ತಾಳುತ್ತದೆ. ಅಳತೆ ಗೆರೆಗಳ ಡೈಮೆನ್ಷನ್ ಸ್ಟೈಲಿಗೂ ಹೀಗೇ ಮಾಡಬೇಕು, ಇಲ್ಲದಿದ್ದರೆ ಬರಹ ಸರಿಯಾಗಿದ್ದು ಅಳತೆಯ ಅಂಕಿ, ಬಾಣದ ತುದಿಗಳು ಹಾಳಾಗಿರುತ್ತವೆ.

ಮೊದಲ ವಾರ ಬರಹವೇ ಮಾಯವಾಗುತ್ತಿತ್ತು. ಆ ಬರಹಕ್ಕೆ ಆ ಸ್ಕೇಲನ್ನು ಸೇರಿಸಿರದಿದ್ದರೆ ಆ ವ್ಯೂಪೋರ್ಟಿನಲ್ಲಿ ಅದು ಕಾಣುವುದಿಲ್ಲ. ಬೇಕಾದವನ್ನು ಆಯ್ಕೆ ಮಾಡಿ ಆಬ್ಜೆಕ್ಟ್‌ಸ್ಕೇಲ್ ಕಮಾಂಡಿನಿಂದ ಸ್ಕೇಲು ಸೇರಿಸಿದರೆ ಬರುತ್ತದೆ. ಕೆಳಪಟ್ಟಿಯಲ್ಲಿ ತಾನಾಗಿ ಸ್ಕೇಲು ಸೇರಿಸುವ ಗುಂಡಿಯೊಂದಿದೆ, ಅದನ್ನು ಆನ್ ಮಾಡಿಟ್ಟು ಸ್ಕೇಲು ಬದಲಿಸುತ್ತಾ ಹೋದರೆ ಬೇಕಿಲ್ಲದ ಬರಹಕ್ಕೂ ಹತ್ತಾರು ಸ್ಕೇಲು ಅಂಟಿಕೊಳ್ಳುತ್ತವೆ. ನಾನು ಅದನ್ನು ಆಫ್ ಇಟ್ಟು ಕೈಯಿಂದಲೇ ಸೇರಿಸುತ್ತೇನೆ. ನಿಧಾನವಾದರೂ ಎಲ್ಲಿ ಏನಿದೆ ಎಂಬುದು ನನ್ನ ಹಿಡಿತದಲ್ಲಿರುತ್ತದೆ.

ಸರ್ವೆಯವರಿಂದ ಬಂದ ಒಂದು ಫೈಲಿನಲ್ಲಿ ಮಾತ್ರ ನಿಜಕ್ಕೂ ಗಾಬರಿಯಾಯಿತು. 30×40 ಸೈಟು, ಒಂದೇ ಒಂದು ಅಕ್ಷರ ಬರೆದೆ, ಸೈಟೇ ಕಾಣಲಿಲ್ಲ. ಅವರು ಬರೆದದ್ದು ಮೀಟರಿನಲ್ಲಿ. ನನ್ನ 1:100ರ ಲೆಕ್ಕ 250 ಯೂನಿಟ್ ಅಕ್ಷರ ಕೊಟ್ಟಿದೆ, ಅಲ್ಲಿ ಅದು 250 ಮೀಟರ್! ಸೈಟಿನ ಉದ್ದವೇ 12.2 ಮೀಟರು. ಈಗ ಯಾರ ಫೈಲು ಬಂದರೂ ಮೊದಲು ಗೊತ್ತಿರುವ ಒಂದು ಗೋಡೆ ಅಳೆಯುತ್ತೇನೆ. ಮೀಟರ್ ಎಂದು ಕಂಡರೆ ಒಂದು ಪ್ರತಿ ತೆಗೆದು 1000 ಪಟ್ಟು ಹಿಗ್ಗಿಸಿ ಆಮೇಲೆ ಕೆಲಸ ಶುರು.

ಕನ್ನಡದ ವಿಷಯ ಬೇರೆಯೇ. ಮೇಸ್ತ್ರಿಗಳಿಗೆ ಕೊಡುವ ಹಾಳೆಯಲ್ಲಿ ದೇವರಮನೆ, ಮೆಟ್ಟಿಲು, ಈಶಾನ್ಯ ಎಂದು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿಗೆ ಸಾಲುವ 2.5 ಇಲ್ಲಿ ಸಾಲದು. 'ಮೆಟ್ಟಿಲು' ಪ್ರಿಂಟಾಗಿ ಬಂದಾಗ ಟಕಾರದ ಕೆಳಗಿನ ಒತ್ತು ಒಂದು ಮಸಿ ಗುಡ್ಡೆಯಾಗಿತ್ತು, ಎರಡು ಸಾಲಿದ್ದ ಕಡೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಹಾಗಾಗಿ ಕನ್ನಡಕ್ಕೆಂದೇ ಬೇರೆ ಸ್ಟೈಲ್ ಮಾಡಿ 3.5 ಎತ್ತರ, ಸಾಲಿನ ಅಂತರ ಮಾಮೂಲಿನ 1.3 ಪಟ್ಟು ಇಟ್ಟೆ. ಎಸ್‌ಎಚ್‌ಎಕ್ಸ್ (ಆಟೋಕ್ಯಾಡಿನದೇ) ಫಾಂಟಿಟ್ಟು ಯೂನಿಕೋಡ್ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ, ಟ್ರೂಟೈಪ್ ಫಾಂಟೇ ಬೇಕು.

ಎ1 ಅನ್ನು ಎ3ಗೆ ಕುಗ್ಗಿಸುವುದು ಈಗ ಸಂಪೂರ್ಣ ನಿಂತಿದೆ. ಅದೇ ಮಾಡೆಲಿಗೆ ಎ3ರದೇ ಲೇಔಟ್ (ಪ್ರಿಂಟಿಗೆ ಹೋಗುವ ಹಾಳೆ) ಬೇರೆ. 30×40 ಮನೆಯ ಒಂದು ಮಹಡಿ 1:50ರಲ್ಲಿ ಸುಮಾರು 183×244 ಮಿ.ಮೀ., ಎ3 ಮೇಲೆ ಆರಾಮಾಗಿ ಕೂರುತ್ತದೆ. 40×60ಕ್ಕೆ ಅಳತೆ ಗೆರೆಗಳನ್ನೂ ಸೇರಿಸಿದರೆ ಇಕ್ಕಟ್ಟು, ಅದನ್ನು 1:100ಕ್ಕೆ ಹಾಕುತ್ತೇನೆ. ಅಕ್ಷರ ಅಷ್ಟೇ ಇದ್ದು ಕೋಣೆ ಅರ್ಧವಾಗುವುದರಿಂದ ಬರಹಗಳು ಒಂದರ ಮೇಲೊಂದು ಬೀಳುತ್ತವೆ. ನಾಲ್ಕು ಅಡಿ ಅಗಲದ ಬಚ್ಚಲು ಕಾಗದದ ಮೇಲೆ 12 ಮಿ.ಮೀ. ಅಷ್ಟೇ, ಅಲ್ಲಿ ಹೆಸರು ಹಿಡಿಸುವುದಿಲ್ಲ. ಅಕ್ಷರ ಚಿಕ್ಕದು ಮಾಡುವ ಆಸೆಗೆ ಬೀಳದೆ ಒಂದು ವೃತ್ತದಲ್ಲಿ ನಂಬರ್ ಹಾಕಿ ಪಕ್ಕದ ಪಟ್ಟಿಯಲ್ಲಿ ಹೆಸರು ಬರೆಯುತ್ತೇನೆ. ಮಿಕ್ಕ ಬರಹವನ್ನು ಆ ಸ್ಕೇಲಿನಲ್ಲಿ ಮಾತ್ರ ಗ್ರಿಪ್ (ಆಯ್ಕೆ ಮಾಡಿದಾಗ ಕಾಣುವ ಹಿಡಿ) ಹಿಡಿದು ಸರಿಸಬಹುದು, 1:50ರ ಜಾಗ ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ರಿಂಟ್ ಅಂಗಡಿಯಲ್ಲಿ ಪಿಡಿಎಫ್ ತೆರೆದು 'ಫಿಟ್' ಒತ್ತಿಬಿಟ್ಟರೆ ಸ್ಕೇಲು ಕೆಡುತ್ತದೆ. ಅದಕ್ಕೆ ಪ್ರತಿ ಹಾಳೆಯ ಅಂಚಿನಲ್ಲಿ ಸರಿಯಾಗಿ 100 ಮಿ.ಮೀ.ನ ಗೆರೆ ಎಳೆದಿರುತ್ತೇನೆ. ಹಾಳೆ ಹೊರಬಂದ ಕೂಡಲೇ ಅಲ್ಲೇ ಕೌಂಟರ್ ಮೇಲೆ ಸ್ಕೇಲಿಟ್ಟು ಅಳೆಯುತ್ತೇನೆ. ಮೊನ್ನೆ 96 ಬಂತು. "ಅಣ್ಣಾ, ಆಕ್ಚುಯಲ್ ಸೈಜ್ ಇಟ್ಟು ಇನ್ನೊಂದು ಹಾಕಿ" ಎಂದೆ. ಎರಡನೆಯದು 100 ಬಂತು, ಅದನ್ನೇ ಸೈಟಿಗೆ ಕೊಟ್ಟು ಬಂದೆ.