ಉತ್ಖನನದ ಗುಂಡಿಗೆ ಇಳಿಯುವ ಮುನ್ನ: ಏನು ತೊಡಬೇಕು, ಏನು ಬಿಡಬೇಕು

ಹಳೆಯ ಫೋಟೋಗಳನ್ನು ನೋಡಿ ಬಟ್ಟೆ ಆರಿಸಬೇಡಿ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ದೊರೆ ಟುಟಾಂಖಾಮನ್ ಸಮಾಧಿಯ ಹಲವು ಚಿತ್ರಗಳಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಕೋಟು ತೊಟ್ಟೇ ಕಾಣಿಸುತ್ತಾರೆ. ಆದರೆ 1880ರ ದಶಕದಲ್ಲಿ ಇರಾನಿನ ಪ್ರಾಚೀನ ನಗರ ಸೂಸಾದಲ್ಲಿ ಅಗೆತ ನಡೆಸಿದ ಫ್ರೆಂಚ್ ಮಹಿಳೆ ಜೇನ್ ದ್ಯೂಲಾಫ್ವಾ ಗಂಡಸರ ಉಡುಪಿನಲ್ಲಿದ್ದರು. ಕೆಲಸಕ್ಕೆ ಒಗ್ಗುವುದು ಕೋಟಲ್ಲ, ಓಡಾಟಕ್ಕೆ ಅಡ್ಡಿಯಾಗದ ಉಡುಪು.

ಎಲ್ಲಕ್ಕಿಂತ ಮುಖ್ಯ ಪಾದರಕ್ಷೆ. ಗುದ್ದಲಿ, ಪಿಕಾಸಿ ಆಡುವ ಕಡೆ ಉಕ್ಕಿನ ಮುಂತುದಿಯ ಬೂಟು ಬೇಕೇ ಬೇಕು. ಆದರೆ ಕರಣಿಯಿಂದ ಕೆರೆದು ನಯಮಾಡಿದ ನೆಲದ ಮೇಲೆ ಅದೇ ಬೂಟಿನ ಆಳವಾದ ಹಲ್ಲುಗಳು ಗುರುತು ಮೂಡಿಸುತ್ತವೆ. ಮಣ್ಣಿನ ಬಣ್ಣಭೇದ ಕಲಸಿಹೋಗಿ ಹಿಂದೆ ಕಂಬ ನೆಟ್ಟಿದ್ದ ಕುಳಿಯ ಅಂಚೇ ಕಾಣದಾಗುತ್ತದೆ. ಅಲ್ಲಿ ಸಪಾಟು ಅಟ್ಟೆಯ ಶೂ ಹಾಕಿ. ಮಣ್ಣಿನ ಒಂದು ಪದರದಿಂದ ಇನ್ನೊಂದಕ್ಕೆ ಹೋಗುವಾಗ ಅಟ್ಟೆಯನ್ನು ಬ್ರಷ್‌ನಿಂದ ಉಜ್ಜಿ. ಅಂಟಿಬಂದ ಇದ್ದಿಲಿನ ಚೂರು ಮಾದರಿಗೆ ಸೇರಿದರೆ ಕಾಲನಿರ್ಣಯ ದಾರಿ ತಪ್ಪುತ್ತದೆ.

ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ, ಗಟ್ಟಿ ಪ್ಯಾಂಟು, ಸುತ್ತಲೂ ಸುಮಾರು 8 ಸೆಂ.ಮೀ. ಅಂಚಿರುವ ಟೋಪಿ ಸಾಕು. ಟೋಪಿಗೆ ಗದ್ದದ ಪಟ್ಟಿ ಇರಲಿ. ಆಳದ ಗುಂಡಿಯಲ್ಲಿ ಹೆಲ್ಮೆಟ್ ಕಡ್ಡಾಯ, ಆದರೆ ಕುಸಿಯುವ ಗೋಡೆಯನ್ನು ಅದು ತಡೆಯದು. ಗೋಡೆಗೆ ಆಸರೆ ಕೊಡದೆ ಇಳಿಯಲೇಬೇಡಿ. ಮಂಡಿಪ್ಯಾಡ್ ಮರೆತರೆ ಸಂಜೆಗೇ ನೋವು ಶುರು.

ಉಂಗುರ, ಬಳೆ ತೆಗೆದಿಡಿ, ಮೆತ್ತನೆಯ ಮಡಕೆಚೂರಿನ ಮೇಲೆ ಗೀರು ಬೀಳುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈಯಿಂದ ಮಡಕೆಯ ಒಳಮೈ ಮುಟ್ಟಬೇಡಿ: ಅದರ ಎಣ್ಣೆಯಂಶ ಹಳೆಯ ಆಹಾರದ ಜಿಡ್ಡಿನ ಪರೀಕ್ಷೆಯನ್ನು ಕೆಡಿಸುತ್ತದೆ. ಪುರಾತನ ಡಿಎನ್‌ಎಗಾಗಿ ಮೂಳೆ ಎತ್ತುವಾಗ ಮಾಸ್ಕ್, ಕೂದಲು ಮುಚ್ಚುವ ಟೋಪಿ, ಎರಡು ಜೊತೆ ನೈಟ್ರೈಲ್ (ಕೃತಕ ರಬ್ಬರಿನ) ಕೈಗವಸು ತೊಡಿ. ಪ್ರತಿ ಮಾದರಿಗೂ ಹೊರಗಿನ ಜೊತೆಯನ್ನು ಬದಲಾಯಿಸಿ.